ಜಾಲಪುಟದ ಕೋಷ್ಟಕ: ಕ್ರಮಪಲ್ಲಟದ ಚರಿತ್ರೆ

ವಿಷಯಗಳನ್ನು ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿಡುವ ಪದ್ಧತಿ ಬಹು ಪ್ರಾಚೀನವಾದುದು. ಕ್ರಿ. ಪೂ. ಸುಮಾರು 1800ರ ಕಾಲದ್ದೆಂದು ವಿದ್ವಾಂಸರು ಎಣಿಸುವ, ಈಗ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿರುವ ‘ಪ್ಲಿಂಪ್ಟನ್ 322’ ಎಂಬ ಬ್ಯಾಬಿಲೋನಿಯದ ಜೇಡಿಮಣ್ಣಿನ ಫಲಕದಲ್ಲಿ ನಾಲ್ಕು ಕಂಬಸಾಲುಗಳೂ ಹದಿನೈದು ಅಡ್ಡಸಾಲುಗಳೂ ಉಳಿದಿವೆ. ಕಂಬಸಾಲುಗಳಿಗೆ ತಲೆಬರಹಗಳುಂಟು, ಸಾಲುಗಳು ಮೊದಲನೆಯ ಕಂಬಸಾಲಿನ ಬೆಲೆಗಳ ಇಳಿಕೆಯ ಕ್ರಮದಲ್ಲಿವೆ, ಕೊನೆಯಲ್ಲಿ ಪ್ರತಿಯೊಂದು ಸಾಲಿನ ಕ್ರಮಸಂಖ್ಯೆಯೂ ಇದೆ. ಇಂದಿನ ವೆಬ್ ಪುಟದ ಕೋಷ್ಟಕಕ್ಕೆ ಬೇಕಾದ ಅಂಗಗಳು ಬಹುಮಟ್ಟಿಗೆ ಇಲ್ಲಿಯೇ ಸಿದ್ಧವಾಗಿವೆ. ಇಲ್ಲದುದು ಒಂದೇ: ಒಣಗಿದ ಮಣ್ಣಿನ ಮೇಲಣ ಕ್ರಮವನ್ನು ಓದುಗನು ಪಲ್ಲಟಗೊಳಿಸಲಾರನು. ಆ ಸ್ವಾತಂತ್ರ್ಯವು ಓದುಗನ ಕೈಗೆ ಬಂದ ಬಗೆಯನ್ನೂ, ಅದರಿಂದ ಚರಿತ್ರೆಯ ಅಭ್ಯಾಸಿಗೆ ಒದಗಿರುವ ಲಾಭ ಅಪಾಯಗಳನ್ನೂ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲ ದೊಡ್ಡ ಪಲ್ಲಟವು 1890ರ ಅಮೆರಿಕದ ಜನಗಣತಿಯಲ್ಲಿ ಆಯಿತು. ಹರ್ಮನ್ ಹೊಲೆರಿತ್ ರೂಪಿಸಿದ ಯಂತ್ರಗಳಲ್ಲಿ ಒಬ್ಬ ವ್ಯಕ್ತಿಗೆ ಒಂದು ರಂಧ್ರಿತ ಕಾರ್ಡು. ಸಾಲು ಪುಟದಿಂದ ಬಿಡಿಸಿಕೊಂಡು ಸ್ವತಂತ್ರವಾದುದರಿಂದ ಅದೇ ಕಾರ್ಡುಗಳನ್ನು ವಯಸ್ಸಿಗೆ ತಕ್ಕಂತೆಯೂ ಉದ್ಯೋಗಕ್ಕೆ ತಕ್ಕಂತೆಯೂ ಮರಳಿ ಎಣಿಸುವುದು ಸಾಧ್ಯವಾಯಿತು. 1970ರಲ್ಲಿ ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನೇ ಸಿದ್ಧಾಂತವಾಗಿ ನಿರೂಪಿಸಿದರು: ಸಂಬಂಧಾತ್ಮಕ ಕೋಷ್ಟಕದಲ್ಲಿ ಸಾಲುಗಳ ಕ್ರಮಕ್ಕೆ ಅರ್ಥವಿಲ್ಲ. ಗಣಕವಿಜ್ಞಾನಕ್ಕೆ ಇದು ಬಿಡುಗಡೆ. ದಾಖಲೆಯ ಮೂಲಕ್ರಮವನ್ನೂ ಸಾಕ್ಷ್ಯವೆಂದು ಬಗೆಯುವ ಚರಿತ್ರಕಾರನಿಗೆ ಮಾತ್ರ ಸ್ವಲ್ಪ ಅಳುಕಿನ ಮಾತು.

ವೆಬ್ ಪುಟಕ್ಕೆ ಕೋಷ್ಟಕವು ತಡವಾಗಿ ಬಂತು. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿನ 1.1ನೆಯ ಆವೃತ್ತಿ ಅದನ್ನು ತೋರಿಸಿತು. 1996ರ ಮೇ ತಿಂಗಳಲ್ಲಿ ಡೇವ್ ರ‍್ಯಾಗೆಟ್ ಬರೆದ ‘ಆರ್‌ಎಫ್‌ಸಿ 1942’ ಎಂಬ ಪತ್ರವು ತಲೆಭಾಗ, ಒಡಲು, ಅಡಿಭಾಗಗಳನ್ನು ವಿಂಗಡಿಸಿ ಅದಕ್ಕೊಂದು ವ್ಯಾಕರಣವನ್ನು ಕೊಟ್ಟಿತು. ಹಲವು ವರ್ಷ ವಿನ್ಯಾಸಕಾರರು ಈ ಕೋಷ್ಟಕವನ್ನು ಇಡೀ ಪುಟವನ್ನು ಅಂದವಾಗಿ ಜೋಡಿಸುವ ಚೌಕಟ್ಟಾಗಿ ದುರುಪಯೋಗ ಮಾಡಿದರೆಂಬುದು ಬೇರೆಯ ಕಥೆ. 1995ರಲ್ಲಿಯೇ ಹುಟ್ಟಿದ ಜಾವಾಸ್ಕ್ರಿಪ್ಟ್ ಭಾಷೆಯ ನೆರವಿನಿಂದ, ತಲೆಬರಹವನ್ನು ಒತ್ತಿದೊಡನೆ ಸಾಲುಗಳು ಮರುಜೋಡಣೆಯಾಗುವ ಕೋಷ್ಟಕಗಳು ಕ್ರಮೇಣ ಬಳಕೆಗೆ ಬಂದವು.

ಇಂಥ ಕೋಷ್ಟಕದ ಘಟಕವನ್ನು ಕಟ್ಟುವಾಗ ಮೂರು ವಸ್ತುಗಳನ್ನು ಬೇರೆಬೇರೆಯಾಗಿಡಬೇಕು. ಮೂಲ ದಾಖಲೆ ಒಂದು. ಪ್ರತಿ ಕಂಬಸಾಲಿನ ಲಕ್ಷಣ, ಎಂದರೆ ಅದರ ಹೆಸರು, ಜಾತಿ, ಹೋಲಿಸುವ ನಿಯಮ, ತೋರಿಸುವ ರೀತಿ, ಇನ್ನೊಂದು. ಓದುಗನ ಆಯ್ಕೆಗಳು ಮೂರನೆಯದು. ಕಣ್ಣಿಗೆ ಕಾಣುವ ಸಾಲುಗಳು ಈ ಮೂರರಿಂದ ಪ್ರತಿಸಲವೂ ಹೊಸದಾಗಿ ಹುಟ್ಟಬೇಕೇ ಹೊರತು ಮೂಲವನ್ನೇ ಕದಡಬಾರದು. ಜಾವಾಸ್ಕ್ರಿಪ್ಟಿನ ಹಳೆಯ ವಿಂಗಡಣೆಯ ಕ್ರಿಯೆ ಮೂಲಪಟ್ಟಿಯನ್ನೇ ಬದಲಿಸಿಬಿಡುತ್ತದೆ. ಪ್ರತಿಯನ್ನು ಮಾಡಿ ವಿಂಗಡಿಸುವ ಕ್ರಿಯೆಯು ಆ ಭಾಷೆಯ ಪ್ರಮಾಣಗ್ರಂಥದಲ್ಲಿ ಸೇರಿದ್ದು 2023ರಲ್ಲಿ.

ಉದಾಹರಣೆಗೆ ಶಾಸನಗಳ ಸೂಚಿಯನ್ನು ತೆಗೆದುಕೊಳ್ಳಬಹುದು. ಬಿ. ಎಲ್. ರೈಸರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೈಸೂರು ಸೀಮೆಯ ಸಂಪುಟಗಳಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆಗಳಿವೆ. ಕಾಲಾನುಕ್ರಮವಾಗಿ ನೋಡಬೇಕೆನ್ನುವವನಿಗೆ ಬೇರೊಂದು ಪಟ್ಟಿಯೇ ಬೇಕು. ಜಾಲಪುಟದಲ್ಲಿ ಒಂದೇ ಪಟ್ಟಿ ಎರಡು ಕೆಲಸವನ್ನೂ ಮಾಡಬಲ್ಲುದು. ಆದರೆ ಎಚ್ಚರ ಬೇಕು. ಶಕವರ್ಷಗಳನ್ನು ಅಕ್ಷರಗಳಂತೆ ಹೋಲಿಸಿದರೆ ಶಕ 1045 ಶಕ 972ಕ್ಕಿಂತ ಮೊದಲು ಬಂದು ಕುಳಿತುಕೊಳ್ಳುತ್ತದೆ. ಏಕೆಂದರೆ 9ಕ್ಕಿಂತ 1 ಮುಂಚಿನದು. ಜಾವಾಸ್ಕ್ರಿಪ್ಟು ಬೇರೆ ಅಪ್ಪಣೆಯಿಲ್ಲದಿದ್ದಲ್ಲಿ ಸಂಖ್ಯೆಗಳನ್ನೂ ಹೀಗೆಯೇ ಹೋಲಿಸುತ್ತದೆ. ತೇದಿಯಿಲ್ಲದ ಶಾಸನಗಳ ಪಾಡೇನು? ಖಾಲಿ ಸ್ಥಳವನ್ನು ಸೊನ್ನೆಯೆಂದು ಎಣಿಸಿದರೆ ಅವು ಶಕಾರಂಭಕ್ಕೇ ಸೇರಿ ಅತ್ಯಂತ ಪ್ರಾಚೀನವೆನಿಸುತ್ತವೆ. ಏರಿಕೆಯಾಗಲಿ ಇಳಿಕೆಯಾಗಲಿ, ಅವುಗಳನ್ನು ಕೊನೆಯಲ್ಲಿಡುವುದೇ ನ್ಯಾಯ.

ಕನ್ನಡದ ಅಕಾರಾದಿಯಲ್ಲಿ ಮತ್ತೊಂದು ತೊಡಕು. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ತರುವಾಯ ಬರುತ್ತದೆ. ಯೂನಿಕೋಡ್ ಸಂಕೇತಗಳಲ್ಲಿ ಅದರ ಸ್ಥಾನ ಲಕಾರದ ಪಕ್ಕ, ವಕಾರಕ್ಕಿಂತ ಮುಂಚೆ. ಅನುಸ್ವಾರ ವಿಸರ್ಗಗಳ ಸಂಕೇತಗಳೂ ಅಕಾರಕ್ಕಿಂತ ಹಿಂದೆಯೇ ಇವೆ. ಆದಕಾರಣ ಸಂಕೇತದ ಸಂಖ್ಯೆಯನ್ನೇ ನಂಬಿ ಗ್ರಾಮನಾಮಗಳನ್ನು ಜೋಡಿಸಿದರೆ, ನಿಘಂಟನ್ನು ಬಳಸಿ ಅಭ್ಯಾಸವಾದವರಿಗೆ ಬೇಕಾದ ಊರು ಬೇಕಾದ ಕಡೆ ಸಿಕ್ಕುವುದಿಲ್ಲ. ಭಾಷೆಗೆ ತಕ್ಕ ಹೋಲಿಕೆಯ ಸಾಧನವು 2012ರಿಂದ ಪ್ರಮಾಣೀಕೃತವಾಗಿದೆ. ಅದನ್ನು ಬಳಸುವುದು ಘಟಕವನ್ನು ಕಟ್ಟುವವನ ಕರ್ತವ್ಯ.

ಊರಿನ ಕ್ರಮದಲ್ಲಿ ಜೋಡಿಸಿ, ಆಮೇಲೆ ತಾಲ್ಲೂಕಿನ ಕ್ರಮವನ್ನು ಕೇಳಿದಾಗ, ಒಂದೇ ತಾಲ್ಲೂಕಿನೊಳಗೆ ಊರುಗಳ ಹಿಂದಿನ ಕ್ರಮ ಕೆಡದೆ ಉಳಿಯಬೇಕು. ಕಾರ್ಡುಗಳನ್ನು ಯಂತ್ರದಲ್ಲಿ ವಿಂಗಡಿಸುತ್ತಿದ್ದವರು ಕೊನೆಯ ಅಂಕಿಯಿಂದ ಆರಂಭಿಸಿ ಮೊದಲನೆಯ ಅಂಕಿಗೆ ಬರುತ್ತಿದ್ದುದು ಈ ಗುಣವನ್ನು ನಂಬಿಯೇ. ವಿಚಿತ್ರವೆಂದರೆ, ಜಾವಾಸ್ಕ್ರಿಪ್ಟಿನ ನಿಯಮಾವಳಿ ಈ ಸ್ಥಿರತೆಯನ್ನು ಕಡ್ಡಾಯಮಾಡಿದ್ದು 2019ರಲ್ಲಿ ಮಾತ್ರ!

ಸಾವಿರಾರು ಸಾಲುಗಳಿದ್ದಾಗ ಬ್ರೌಸರು ಬಳಲದಿರಲೆಂದು ಕಣ್ಣೆದುರಿನ ಕೆಲವೇ ಸಾಲುಗಳನ್ನು ನಿರ್ಮಿಸುವ ತಂತ್ರವುಂಟು. ವೇಗಕ್ಕೆ ಅದು ಒಳ್ಳೆಯದೇ. ಆದರೆ ಬ್ರೌಸರಿನ ಹುಡುಕಾಟಕ್ಕೆ ನಿರ್ಮಿಸದ ಸಾಲು ಗೋಚರಿಸುವುದಿಲ್ಲ. ಇರುವ ಶಾಸನವನ್ನು ‘ಇಲ್ಲ’ವೆಂದು ವಿದ್ಯಾರ್ಥಿಯು ಬರೆದುಕೊಂಡು ಹೋಗುವನು. ಕೋಷ್ಟಕವು ತನ್ನದೇ ಹುಡುಕಾಟವನ್ನು ಒದಗಿಸಿ, ಒಟ್ಟು ಸಾಲುಗಳೆಷ್ಟೆಂಬುದನ್ನೂ ಸೋಸಿದ ಮೇಲೆ ಉಳಿದವೆಷ್ಟೆಂಬುದನ್ನೂ ಸದಾ ತಿಳಿಸುತ್ತಿರಬೇಕು. ಕಣ್ಣು ಕಾಣದ ಓದುಗರಿಗಾಗಿ, ಯಾವ ಕಂಬಸಾಲು ಯಾವ ಕ್ರಮದಲ್ಲಿದೆಯೆಂಬುದನ್ನು ಪಠನಯಂತ್ರಕ್ಕೆ ತಿಳಿಸುವ ಸಂಜ್ಞೆಗಳು 2014ರ ಮಾರ್ಚ್‌ನಲ್ಲಿ ಅಂಗೀಕೃತವಾದ ‘ವಾಯ್-ಏರಿಯ’ ನಿಯಮಾವಳಿಯಲ್ಲಿವೆ.

ಕಂಬಸಾಲನ್ನು ಮರೆಮಾಡುವ ಸೌಲಭ್ಯದ ಬಗ್ಗೆ ನನಗೆ ವಿಶೇಷವಾದ ಶಂಕೆಯುಂಟು. ಶಾಸನದ ಕಾಲ ಒಂದು ಕಂಬಸಾಲಿನಲ್ಲಿಯೂ ಅದು ಲಿಪಿಯ ಆಧಾರದಿಂದ ಊಹಿಸಿದ್ದೆಂಬ ಟಿಪ್ಪಣಿ ಇನ್ನೊಂದರಲ್ಲಿಯೂ ಇದ್ದರೆ, ಎರಡನೆಯದನ್ನು ಮರೆಮಾಡಿದ ಓದುಗನಿಗೆ ಊಹೆಯು ನಿಶ್ಚಯವಾಗಿ ಕಾಣುವುದು. ಇಂಥ ಜೋಡಿಗಳನ್ನು ಒಂದೇ ಕಂಬಸಾಲಿನ ಲಕ್ಷಣದೊಳಗೆ ಕಟ್ಟಿಹಾಕಬೇಕು. ವಿಂಗಡಣೆಗೆ ವರ್ಷವನ್ನಷ್ಟೇ ಬಳಸಿದರೂ ತೋರಿಸುವಾಗ ಊಹೆಯ ಗುರುತು ಅದರೊಡನೆಯೇ ಬರಬೇಕು. ಮೂಲಸಂಪುಟದ ಸಂಖ್ಯೆಯಿರುವ ಕಂಬಸಾಲನ್ನಂತೂ ಮರೆಮಾಡಲು ಅವಕಾಶವನ್ನೇ ಕೊಡತಕ್ಕದ್ದಲ್ಲ.