ಬ್ರಿಡ್ಜ್ ಮೋಡೆಮ್ಮಿನ ನಿರ್ವಹಣಾ ಪುಟ

ಫೋನ್ ಲೈನಿನ ಅಥವಾ ಫೈಬರಿನ ಮೋಡೆಮ್ಮಿನೊಳಗೆ ಒಂದು ಪುಟ್ಟ ವೆಬ್ ಸರ್ವರ್ ಇರುತ್ತದೆ. ಬ್ರೌಸರಿನಲ್ಲಿ ಸಾಮಾನ್ಯವಾಗಿ 192.168.1.1 ಎಂದು ಹಾಕಿದರೆ ತೆರೆದುಕೊಳ್ಳುವ, ಲೈನಿನ ಸ್ಥಿತಿ ತೋರಿಸುವ, ಸೆಟ್ಟಿಂಗ್ ಬದಲಿಸಲು ಬಿಡುವ ಪುಟವೇ ನಿರ್ವಹಣಾ ಪುಟ. ಮೋಡೆಮನ್ನು ಬ್ರಿಡ್ಜ್ ಮೋಡ್‌ಗೆ, ಎಂದರೆ ಬಂದದ್ದನ್ನು ಬರೀ ದಾಟಿಸುವ ಸ್ಥಿತಿಗೆ, ಹಾಕಿ ಅದರ ಹಿಂದೆ ಬೇರೊಂದು ಫೈರ್‌ವಾಲ್ ಅಥವಾ ರೂಟರ್ ಇಟ್ಟ ಕೂಡಲೇ ಮನೆಯ ಕಂಪ್ಯೂಟರಿಗೆ ಈ ಪುಟ ಸಿಗದಂತಾಗುತ್ತದೆ. ಮೋಡೆಮ್ ಕೆಲಸ ಮಾಡುತ್ತಿರುತ್ತದೆ, ಪುಟವೂ ಅಲ್ಲೇ ಇರುತ್ತದೆ. ಅಲ್ಲಿಗೆ ಹೋಗುವ ದಾರಿ ಮಾತ್ರ ಇರುವುದಿಲ್ಲ. ಈ ತೊಡಕಿನ ಚರಿತ್ರೆಯ ಉದ್ದಕ್ಕೂ ಒಂದು ವಿಪರ್ಯಾಸ ಕಾಣುತ್ತದೆ. ಮನೆಯವರಿಗೆ ಕಾಣದ, ಅಥವಾ ಅವರು ನೋಡುವ ಗೋಜಿಗೇ ಹೋಗದ ಪುಟ ಎಷ್ಟೋ ಸಲ ಹೊರಗಿನವರಿಗೆ ತೆರೆದೇ ಇತ್ತು. ಕರ್ನಾಟಕಕ್ಕೆ ಅದು ದೊಡ್ಡ ಪ್ರಮಾಣದಲ್ಲಿ ತಿಳಿದದ್ದು 2017ರಲ್ಲಿ.

ಈ ಪುಟದ ಅಗತ್ಯವನ್ನು ಅಘನಾಶಿನಿ ನದಿ ಕಡಲು ಸೇರುವ ಕುಮಟಾ ತಾಲ್ಲೂಕಿನಲ್ಲೋ ಅದರ ದಕ್ಷಿಣದ ಹೊನ್ನಾವರ, ಭಟ್ಕಳಗಳಲ್ಲೋ ಲ್ಯಾಂಡ್‌ಲೈನ್ ಇಟ್ಟುಕೊಂಡವರಿಗೆ ವಿವರಿಸಬೇಕಾಗಿಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ಮೀರುವ ಮಳೆ, ಉಪ್ಪುಗಾಳಿಗೆ ಹಸಿರು ಹಿಡಿಯುವ ತಾಮ್ರದ ಜೋಡಣೆ, ತೋಟ ಗದ್ದೆ ದಾಟಿ ಬರುವ ಉದ್ದನೆಯ ಲೈನು. ಗುಡುಗು ಶುರುವಾಯಿತೆಂದರೆ ಕರೆಂಟಿನ ಪ್ಲಗ್ಗು, ಫೋನಿನ ತಂತಿ ಎರಡನ್ನೂ ಕಿತ್ತಿಡುವುದು ಇಲ್ಲಿ ಮನೆಮನೆಯ ರೂಢಿ. ಇಂಥ ಲೈನಿನಲ್ಲಿ ನೆಟ್ ನಿಂತರೆ ಕೆಟ್ಟದ್ದು ಮೋಡೆಮ್ಮೋ ಕಂಬದ ಮೇಲಿನ ಜೋಡಣೆಯೋ ಎಕ್ಸ್‌ಚೇಂಜೋ ಎಂದು ತಿಳಿಯಲು ಮನೆಯಲ್ಲಿರುವ ಸಾಧನ ಇದೊಂದೇ. ಸಿಗ್ನಲ್ಲಿಗೂ ಗದ್ದಲಕ್ಕೂ ಬೇಕಾದ ಅಂತರದ ಮೇಲೆ ಉಳಿದ ಹೆಚ್ಚುವರಿ, ದಾರಿಯಲ್ಲಿ ಸೋರಿಹೋದ ಸಿಗ್ನಲ್, ಎಕ್ಸ್‌ಚೇಂಜಿನೊಡನೆ ಕುದುರಿದ ವೇಗ, ಈ ಮೂರೂ ಅಲ್ಲಿ ಬರೆದಿರುತ್ತವೆ. ಮೊದಲನೆಯದು 6 ಡೆಸಿಬೆಲ್‌ಗಿಂತ ಕೆಳಗಿಳಿದರೆ ಲಿಂಕ್ ಲೈಟ್ ಮತ್ತೆ ಮತ್ತೆ ಮಿನುಗತೊಡಗಬಹುದು. ‘ನೆಟ್ ಬರ್ತಾ ಇಲ್ಲ’ ಎಂಬ ದೂರಿಗಿಂತ ಈ ಅಂಕಿಗಳನ್ನು ಓದಿ ಹೇಳುವ ದೂರಿಗೆ ಲೈನ್‌ಮನ್ ಬೇಗ ಕಿವಿಗೊಡುತ್ತಾನೆ.

ತೊಡಕಿನ ಬೇರು 1990ರ ದಶಕದಲ್ಲಿದೆ. ತಾಮ್ರದ ಫೋನ್ ತಂತಿಯಲ್ಲಿ ಮಾತಿನ ಜೊತೆಗೇ ದತ್ತಾಂಶ ಹರಿಸುವ ಎಡಿಎಸ್‌ಎಲ್ ತಂತ್ರ ಅಮೆರಿಕದ ಬೆಲ್‌ಕೋರ್ ಪ್ರಯೋಗಾಲಯದಲ್ಲಿ ರೂಪುಗೊಂಡಿತ್ತು. ಕಂಪ್ಯೂಟರಿನ ಈಥರ್ನೆಟ್ ಚೌಕಟ್ಟನ್ನು ಒಡೆಯದೆ ಫೋನ್ ಕಂಪನಿಯ ಎಟಿಎಂ ಎಂಬ ದತ್ತಾಂಶ ಜಾಲದೊಳಗೆ ತುಂಬಿ ಕಳಿಸುವ ವಿಧಾನವನ್ನು 1993ರ ಆರ್‌ಎಫ್‌ಸಿ 1483 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ಬರೆದಿಟ್ಟಿತು. ಬ್ರಿಡ್ಜ್ ಎಂಬ ಹೆಸರಿನ ಮೂಲ ಇದೇ: ಮೋಡೆಮ್ ಏನನ್ನೂ ಓದುವುದಿಲ್ಲ, ಆಚೆಗೆ ದಾಟಿಸುತ್ತದೆ. ಗಿರಾಕಿ ಯಾರು, ಹಣ ಕಟ್ಟಿದ್ದಾನೋ ಇಲ್ಲವೋ ಎಂದು ಕಂಪನಿಗೆ ತಿಳಿಯಬೇಕಲ್ಲ. ಅದಕ್ಕಾಗಿ 1999ರ ಫೆಬ್ರುವರಿಯಲ್ಲಿ ಆರ್‌ಎಫ್‌ಸಿ 2516 ಎಂಬ ಹೆಸರಿನಲ್ಲಿ ಪಿಪಿಪಿಒಇ ಬಂತು. ಹಳೆಯ ಡಯಲ್‌ಅಪ್ಪಿನ ಲಾಗಿನ್ ಪದ್ಧತಿಯನ್ನೇ ಈಥರ್ನೆಟ್ ಮೇಲೆ ಹೊದಿಸಿದ ಏರ್ಪಾಡು ಅದು. ಪ್ರತಿ ಚೌಕಟ್ಟಿನಲ್ಲಿ 8 ಬೈಟ್ ಅದಕ್ಕೇ ಹೋಗಿ 1,500ರ ಜಾಗದಲ್ಲಿ 1,492 ಉಳಿಯಿತು.

ಆ ಕಾಲದ ಮೋಡೆಮ್ ತಯಾರಕರು ಬ್ರಿಡ್ಜಿಗೂ ಒಂದು ನಿರ್ವಹಣಾ ವಿಳಾಸ ಕೊಟ್ಟರು. ಫ್ರೆಂಚ್ ಕಂಪನಿ ಅಲ್ಕಾಟೆಲ್‌ನ ‘ಸ್ಪೀಡ್ ಟಚ್’ಗೆ 10.0.0.138. 2001ರ ಏಪ್ರಿಲ್‌ನಲ್ಲಿ ಸ್ಯಾನ್ ಡಿಯಾಗೊ ಸೂಪರ್ ಕಂಪ್ಯೂಟರ್ ಕೇಂದ್ರದ ಸುತೊಮು ಶಿಮೊಮುರಾ ಮತ್ತು ಟಾಮ್ ಪೆರಿನ್ ಈ ಮೋಡೆಮ್ಮುಗಳಲ್ಲಿ ಪಾಸ್‌ವರ್ಡೇ ಇಲ್ಲದೆ ಒಳನುಗ್ಗುವ ದಾರಿಗಳಿವೆ ಎಂದು ಬಯಲಿಗೆಳೆದರು. ಬರೀ ದಾಟಿಸುವ ಪೆಟ್ಟಿಗೆ, ಇದರಲ್ಲಿ ಕದಿಯಲು ಏನಿದೆ ಎಂಬ ನಂಬಿಕೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಭಾರತದಲ್ಲಿ 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ಅಥವಾ ಅದಕ್ಕೂ ಹೆಚ್ಚಿನ ವೇಗದ್ದನ್ನೆಲ್ಲ ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ‘ಡೇಟಾಒನ್’ ಶುರುಮಾಡಿತು. ಹುವಾವೇ, ಯುಟಿಸ್ಟಾರ್‌ಕಾಮ್ ಮುಂತಾದ ಹೆಸರಿನ ಮೋಡೆಮ್ಮುಗಳು ಎಕ್ಸ್‌ಚೇಂಜಿನಿಂದ ಮನೆಗಳಿಗೆ ಬಂದವು. ಆರಂಭದಲ್ಲಿ ಬ್ರಿಡ್ಜ್ ಮೋಡ್ ಸಾಮಾನ್ಯವಾಗಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿದ್ದ ಡಯಲರ್ ಒತ್ತಿ ಲಾಗಿನ್ ಆಗಬೇಕಿತ್ತು. ಒಂದೇ ಕಂಪ್ಯೂಟರ್ ನೇರವಾಗಿ ಮೋಡೆಮ್ಮಿಗೆ ಕಟ್ಟಿಕೊಂಡಿದ್ದರಿಂದ ನಿರ್ವಹಣಾ ಪುಟವೂ ಸುಲಭವಾಗಿ ಸಿಗುತ್ತಿತ್ತು. ಕ್ರಮೇಣ ಮೋಡೆಮ್ಮೇ ಲಾಗಿನ್ ಆಗುವ ‘ಯಾವಾಗಲೂ ಆನ್’ ಪದ್ಧತಿ ಬಂತು. ಮನೆಗೆ ಎರಡನೆಯ ಕಂಪ್ಯೂಟರ್, ಆಮೇಲೆ ವೈಫೈ ಬಂದ ಮೇಲೆ ಅದೇ ಅನುಕೂಲ. ಗಲ್ಫಿನಲ್ಲಿ ದುಡಿಯುವವರು ಹೆಚ್ಚಿರುವ ಭಟ್ಕಳದಲ್ಲಿ ದುಬೈ, ಜೆದ್ದಾಗಳ ಕರೆಗಾಗಿ ನೆಟ್ ಸದಾ ಇರಬೇಕು, ಡಯಲರ್ ಒತ್ತುತ್ತ ಕೂರುವ ತಾಳ್ಮೆ ಯಾರಿಗಿದೆ?

ಹಾಗಿದ್ದರೂ ಮತ್ತೆ ಬ್ರಿಡ್ಜಿಗೆ ಮರಳಿದವರಿದ್ದಾರೆ. ಕಂಪನಿ ಕೊಡುವ ಮೋಡೆಮ್ಮಿನ ಮೆಮೊರಿ ಅಲ್ಪ. ಕಚೇರಿಯಲ್ಲಿ ಹತ್ತು ಜನ ಕೂತರೆ ಉಸಿರುಕಟ್ಟುತ್ತಿತ್ತು. ಅದರ ಹಿಂದೆ ಇನ್ನೊಂದು ರೂಟರ್ ಇಟ್ಟರೆ ವಿಳಾಸ ಎರಡೆರಡು ಸಲ ಬದಲಾಗಿ, ಅಂಗಡಿಯ ಸಿಸಿಟಿವಿಯನ್ನು ಹೊರಗಿನಿಂದ ನೋಡುವುದೂ ಕಷ್ಟ. ಅಷ್ಟರಲ್ಲಿ ಹಳೆಯ ಕಂಪ್ಯೂಟರನ್ನೋ ಪುಟ್ಟ ರೂಟರನ್ನೋ ಫೈರ್‌ವಾಲ್ ಮಾಡುವ ಉಚಿತ ತಂತ್ರಾಂಶಗಳು ಬಂದಿದ್ದವು: 2001ರ ಲಿನಕ್ಸ್ 2.4ರೊಡನೆ ಐಪಿಟೇಬಲ್ಸ್, 2003ರಲ್ಲಿ ಮ್ಯಾನುಯೆಲ್ ಕಾಸ್ಪರ್‌ರ ಮೊನೊವಾಲ್, 2004ರಲ್ಲಿ ಅದರಿಂದ ಕವಲೊಡೆದ ಪಿಎಫ್‌ಸೆನ್ಸ್, ಅದೇ ವರ್ಷ ಓಪನ್‌ಡಬ್ಲ್ಯುಆರ್‌ಟಿ. ಮೋಡೆಮ್ ಬ್ರಿಡ್ಜಾಗಿ, ಲಾಗಿನ್ ಫೈರ್‌ವಾಲಿನದಾಯಿತು. ಪುಟ ಮರೆಯಾದದ್ದು ಆಗಲೇ.

ಕಾರಣ ಸರಳ. ಫೈರ್‌ವಾಲಿನ ಹೊರಬದಿಯ ಪೋರ್ಟಿಗೆ ಸ್ವಂತ ವಿಳಾಸ ಇರುವುದಿಲ್ಲ. ವಿಳಾಸ ಇರುವುದು ಆ ಪೋರ್ಟಿನ ಮೇಲೆ ಪಿಪಿಪಿಒಇ ಕಟ್ಟಿದ ಕಾಲ್ಪನಿಕ ಕೊಳವೆಗೆ, ಅದೂ ಕಂಪನಿ ಕೊಟ್ಟದ್ದು. ಮನೆಯ ಕಂಪ್ಯೂಟರ್ 192.168.1.1 ಬೇಕೆಂದಾಗ ಫೈರ್‌ವಾಲ್‌ಗೆ ಆ ಜಾಲ ಗೊತ್ತಿಲ್ಲ. ಗೊತ್ತಿಲ್ಲದ್ದೆಲ್ಲ ಕೊಳವೆಯೊಳಗೆ. ಪ್ಯಾಕೆಟ್ಟು ಆ ಮೋಡೆಮ್ಮಿನ ಹೊಟ್ಟೆಯ ಮೂಲಕವೇ ಹಾದು ಕಂಪನಿಯ ಜಾಲ ಸೇರುತ್ತದೆ. ಅದು 1996ರ ಆರ್‌ಎಫ್‌ಸಿ 1918 ಖಾಸಗಿ ಬಳಕೆಗೆ ಮೀಸಲಿಟ್ಟ ವಿಳಾಸವಾದ್ದರಿಂದ ಅಲ್ಲಿ ಅದಕ್ಕೆ ಗತಿಯಿಲ್ಲ. ಅಘನಾಶಿನಿ ನದಿಯ ದಡದ ತದಡಿಯಲ್ಲಿ ಅಂಬಿಗನೊಡನೆ ಮಾತಾಡಲೆಂದು ಬಂದವನು ದೋಣಿ ಹತ್ತಿ ಕೂತು, ಮಾತಾಡದೆ ಆಚೆ ದಡದ ಅಘನಾಶಿನಿ ಊರಲ್ಲಿ ಇಳಿದಂತೆ.

ಪರಿಹಾರ ಅಡಗಿರುವುದು ಒಂದೇ ಕೇಬಲ್ಲಿನಲ್ಲಿ ಎರಡು ಬಗೆಯ ಸಂಚಾರ ಏಕಕಾಲಕ್ಕೆ ಸಾಗಬಲ್ಲದು ಎಂಬ ಸಂಗತಿಯಲ್ಲಿ. ಪಿಪಿಪಿಒಇ ಚೌಕಟ್ಟಿಗೆ ಬೇರೆ ಗುರುತು, ಸಾದಾ ಐಪಿ ಚೌಕಟ್ಟಿಗೆ ಬೇರೆ ಗುರುತು. ಮೋಡೆಮ್ ತನ್ನದೇ ಹಾರ್ಡ್‌ವೇರ್ ವಿಳಾಸಕ್ಕೆ ಬಂದದ್ದನ್ನು ತಾನು ಇಟ್ಟುಕೊಂಡು ಮಿಕ್ಕಿದ್ದನ್ನು ದಾಟಿಸುತ್ತದೆ. ಆದ್ದರಿಂದ ಫೈರ್‌ವಾಲಿನ ಹೊರಬದಿಯ ಭೌತಿಕ ಪೋರ್ಟಿಗೇ, ಪಿಪಿಪಿಒಇಯನ್ನು ಮುಟ್ಟದೆ, 192.168.1.2 ಎಂಬಂಥ ವಿಳಾಸವನ್ನು ಹೆಚ್ಚುವರಿಯಾಗಿ ಕೊಟ್ಟರೆ ಅರ್ಧ ಕೆಲಸ ಆದಂತೆ. ಈಗ ಆ ಜಾಲ ಎಲ್ಲಿದೆ ಎಂದು ಫೈರ್‌ವಾಲ್‌ಗೆ ಗೊತ್ತು. ಬಹಳ ಜನ ಇಲ್ಲಿಗೇ ನಿಲ್ಲಿಸಿ, ಪುಟ ಬರಲಿಲ್ಲವೆಂದು ಕೈಚೆಲ್ಲುತ್ತಾರೆ. ಉಳಿದರ್ಧ ಮರಳಿ ಬರುವ ದಾರಿಯದು. ಮನೆಯ ಜಾಲ 192.168.10 ಸರಣಿಯದಾದರೆ ಮೋಡೆಮ್ಮಿಗೆ ಅದರ ಪರಿಚಯವೇ ಇಲ್ಲ. ಪ್ರಶ್ನೆ ತಲುಪಿದರೂ ಉತ್ತರವನ್ನು ಎಲ್ಲಿಗೆ ಕಳಿಸಬೇಕೆಂದು ಅದಕ್ಕೆ ತಿಳಿಯದು. ಮೋಡೆಮ್ಮಿನ ಕಡೆ ಹೋಗುವ ಪ್ಯಾಕೆಟ್ಟಿನ ಮೂಲ ವಿಳಾಸವನ್ನು 192.168.1.2 ಎಂದು ಬದಲಿಸುವ ನ್ಯಾಟ್ ನಿಯಮ ಹಾಕಬೇಕು. ಆಗ ಮೋಡೆಮ್ಮಿಗೆ ಪಕ್ಕದ ಯಂತ್ರವೇ ಕೇಳಿದಂತೆ ಕಾಣುತ್ತದೆ.

ಪಿಎಫ್‌ಸೆನ್ಸ್‌ನಲ್ಲಿ ಇದಕ್ಕೆ ಭೌತಿಕ ಪೋರ್ಟನ್ನು ಪ್ರತ್ಯೇಕ ಇಂಟರ್‌ಫೇಸಾಗಿ ಸೇರಿಸಿ ಹೊರಹೋಗುವ ನ್ಯಾಟ್ ನಿಯಮ ಬರೆಯುತ್ತಾರೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಹೊಸ ಇಂಟರ್‌ಫೇಸನ್ನು ಹೊರವಲಯಕ್ಕೆ ಸೇರಿಸಿದರೆ ನ್ಯಾಟ್ ತಾನಾಗಿ ಆಗುತ್ತದೆ. ಮೈಕ್ರೊಟಿಕ್ ರೂಟರಿನಲ್ಲಿ ಎರಡು ಸಾಲು ಸಾಕು. ಮನೆಯ ಜಾಲವೂ 192.168.1 ಸರಣಿಯದೇ ಆಗಿದ್ದರೆ ಮಾತ್ರ ಯಾವುದೂ ನಡೆಯದು, ಎರಡರಲ್ಲೊಂದನ್ನು ಬದಲಿಸಲೇಬೇಕು. ನಿಯಮಗಳ ಸಹವಾಸ ಬೇಡವೆನ್ನುವವರು ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ಮೋಡೆಮ್ಮಿಗೇ ಸಿಕ್ಕಿಸಿ, ಅದಕ್ಕೆ ಕೈಯಾರೆ ವಿಳಾಸ ಕೊಟ್ಟು ನೋಡುತ್ತಾರೆ. ವರ್ಷಕ್ಕೊಮ್ಮೆ ನೋಡುವವರಿಗೆ ನನ್ನ ಮಟ್ಟಿಗೆ ಅದೇ ಒಳ್ಳೆಯದು.

ಇನ್ನು ಹೊರಗಿನ ಬಾಗಿಲು. ಮೋಡೆಮ್ಮುಗಳನ್ನು ಕಂಪನಿಯೇ ದೂರದಿಂದ ಸರಿಪಡಿಸಲೆಂದು 2004ರಲ್ಲಿ ಡಿಎಸ್‌ಎಲ್ ಫೋರಮ್ ಟಿಆರ್–069 ಎಂಬ ಮಾನದಂಡ ಹೊರಡಿಸಿತ್ತು. ಅದಕ್ಕೆ 7547ನೇ ಪೋರ್ಟ್. ಈ ಪೋರ್ಟ್ ಇಡೀ ಇಂಟರ್ನೆಟ್ಟಿಗೆ ತೆರೆದಿದ್ದರೆ ಏನಾಗುತ್ತದೆಂದು 2016ರ ನವೆಂಬರಿನಲ್ಲಿ ಜರ್ಮನಿ ಕಂಡಿತು: ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗಿರಾಕಿಗಳ ರೂಟರುಗಳು ಮಿರಾಯ್ ಎಂಬ ಕುತಂತ್ರಾಂಶದ ಹೊಸ ರೂಪದ ದಾಳಿಗೆ ಸಿಕ್ಕಿ ಕೆಟ್ಟವು. 2017ರ ಜುಲೈ ಕೊನೆಯಲ್ಲಿ ಸರದಿ ಬಿಎಸ್‌ಎನ್‌ಎಲ್‌ನದು. ಕರ್ನಾಟಕ ವಲಯದಲ್ಲಿ ಸುಮಾರು 60,000 ಮೋಡೆಮ್ಮುಗಳು ಕೆಟ್ಟವೆಂದು ಆಗ ವರದಿಯಾಯಿತು. ಬಳಕೆದಾರ ಹೆಸರೂ ಪಾಸ್‌ವರ್ಡೂ ‘ಅಡ್ಮಿನ್’ ಎಂದೇ ಉಳಿದಿದ್ದ ಮೋಡೆಮ್ಮುಗಳಿಗೆ ಏಟು ಬಿದ್ದಿತ್ತು. ಮೋಡೆಮ್ ರೀಸೆಟ್ ಮಾಡಿ ಪಾಸ್‌ವರ್ಡ್ ಬದಲಿಸಿ ಎಂಬ ಸೂಚನೆ ಹೊರಟಿತು. ‘ಜಾನಿಟರ್’ ಎಂಬ ಮುಸುಕಿನ ಹೆಸರಿನ, ಬ್ರಿಕರ್‌ಬಾಟ್ ಎಂಬ ಕುತಂತ್ರಾಂಶ ಬರೆದ ವ್ಯಕ್ತಿ ಇದು ತನ್ನ ಕೆಲಸವೆಂದು ಹೇಳಿಕೊಂಡ. ಅಸುರಕ್ಷಿತ ಯಂತ್ರಗಳು ಕೆಟ್ಟವರ ಕೈಗೆ ಹೋಗುವ ಮೊದಲು ತಾನೇ ಕೊಂದುಬಿಡುವುದು ಅವನ ವಾದ. ಅನುಮತಿಯಿಲ್ಲದ ಈ ಉಪಕಾರವನ್ನು ಮೆಚ್ಚಲು, ನೆಟ್ ಕಳೆದುಕೊಂಡ ಯಾರಿಗೂ ಕಾರಣವಿರಲಿಲ್ಲ.

ಬ್ರಿಡ್ಜ್ ಮೋಡ್‌ನಲ್ಲಿರುವ ಮೋಡೆಮ್ಮಿಗೆ ಇಂಟರ್ನೆಟ್ಟಿನ ಕಡೆ ವಿಳಾಸವೇ ಇಲ್ಲದಿರುವುದರಿಂದ ಇಂಥ ದಾಳಿಗೆ ಅದು ಸುಲಭಕ್ಕೆ ಸಿಗುವುದಿಲ್ಲ. ಮನೆಯೊಡೆಯನಿಗೆ ಪುಟ ಮರೆಮಾಡುವ ಅದೇ ಗುಣ ಅದನ್ನು ಕಾಯುತ್ತದೆ. ನ್ಯಾಟ್ ನಿಯಮ ಬರೆದು ಒಳಗಿನಿಂದ ದಾರಿ ಮಾಡಿದರೆ ಈ ರಕ್ಷಣೆ ತಪ್ಪುವುದಿಲ್ಲ. ಮನೆಯೊಳಗಿನ ಒಂದೇ ಕಂಪ್ಯೂಟರಿಗೆ ಅನುಮತಿ ಕೊಟ್ಟರೆ ಇನ್ನೂ ಗಟ್ಟಿ. ಊರಿನ ಲೈನನ್ನು ಬೆಂಗಳೂರಿನಿಂದಲೋ ದುಬೈಯಿಂದಲೋ ನೋಡಿಕೊಳ್ಳುವ ಮಕ್ಕಳು ಮೋಡೆಮ್ಮಿನ ಪುಟವನ್ನು ನೇರ ಹೊರಗೆ ತೆರೆದಿಡಬಾರದು. ಮೊದಲು ಓಪನ್‌ವಿಪಿಎನ್ ಅಥವಾ ವೈರ್‌ಗಾರ್ಡ್ ಎಂಬ ಗುಪ್ತ ಕೊಳವೆಯ ಮೂಲಕ ಮನೆಯ ಫೈರ್‌ವಾಲ್ ಸೇರಿ, ಅಲ್ಲಿಂದ ಒಳದಾರಿಯಲ್ಲಿ ಮೋಡೆಮ್ಮಿಗೆ ಹೋಗಬೇಕು. ಕಂಪನಿ 100.64ರಿಂದ ಶುರುವಾಗುವ ಹಂಚಿಕೆಯ ವಿಳಾಸ ಕೊಟ್ಟಿದ್ದರೆ ಹೊರಗಿನಿಂದ ಮನೆಗೆ ನೇರ ದಾರಿಯಿಲ್ಲ. ಮನೆಯ ಫೈರ್‌ವಾಲೇ ಬೇರೆಡೆಯ ಸರ್ವರಿಗೆ ವಿಪಿಎನ್ ಕಟ್ಟಿಕೊಂಡಿರಬೇಕಾಗುತ್ತದೆ.

ತಾಮ್ರದ ಜಾಗಕ್ಕೆ ಈಗ ಫೈಬರ್ ಬಂದಿದೆ. ಬಿಎಸ್‌ಎನ್‌ಎಲ್ ಊರಿನ ಕೇಬಲ್ ಆಪರೇಟರುಗಳ ಪಾಲುದಾರಿಕೆಯಲ್ಲಿ ‘ಭಾರತ್ ಫೈಬರ್’ ಒಯ್ದಂತೆ ಮೋಡೆಮ್ಮಿನ ಜಾಗಕ್ಕೆ ಓಎನ್‌ಟಿ ಎಂಬ ಪೆಟ್ಟಿಗೆ ಬಂತು. ಜನರ ಬಾಯಲ್ಲಿ ಅದೂ ಮೋಡೆಮ್ಮೇ. ಉಪ್ಪುಗಾಳಿ ಗಾಜಿನ ಎಳೆಯನ್ನು ತಿನ್ನದು. ಆದರೆ ಗಾಳಿಮಳೆಗೆ ಮುರಿದ ಕೊಂಬೆಗೆ ತಾಮ್ರ, ಗಾಜು ಎಂಬ ಭೇದವಿಲ್ಲ. ಲಾಸ್ ಲೈಟ್ ಕೆಂಪಾದರೆ ಫೈಬರ್ ತುಂಡಾಗಿದೆ ಎಂದು ಎಲ್ಲರಿಗೂ ಗೊತ್ತು. ಅರೆಬರೆ ಬಾಗಿ ಬೆಳಕು ಸೋರುತ್ತಿದ್ದರೆ ಮಾತ್ರ ನಿರ್ವಹಣಾ ಪುಟ ನೋಡಬೇಕು. ಸಾಮಾನ್ಯ ಬಿ ಪ್ಲಸ್ ದರ್ಜೆಯ ಓಎನ್‌ಟಿಗೆ ತಲುಪುವ ಬೆಳಕಿನ ಬಲಕ್ಕೆ ಮೈನಸ್ 27 ಡಿಬಿಎಂ ಕೊನೆಯ ಗಡಿ. ಅಲ್ಲಿಗೆ ಸಮೀಪಿಸಿದರೆ ಆಪರೇಟರಿಗೆ ಫೋನ್ ಮಾಡುವ ಹೊತ್ತು. ದಾರಿ ಮಾಡುವ ಉಪಾಯ ಹಳೆಯದೇ, ಒಂದು ವ್ಯತ್ಯಾಸದೊಡನೆ. ಪಿಪಿಪಿಒಇ ವಿಲ್ಯಾನ್ ಎಂಬ, ಒಂದೇ ಕೇಬಲ್ಲಿನಲ್ಲಿ ಜಾಲಗಳನ್ನು ಬೇರ್ಪಡಿಸುವ ಗುರುತು ಹೊತ್ತು ಹೋಗುವ ಕಡೆ ಹೆಚ್ಚುವರಿ ವಿಳಾಸವನ್ನು ವಿಲ್ಯಾನಿಗೆ ಕೊಡದೆ, ಗುರುತಿಲ್ಲದ ಮೂಲ ಪೋರ್ಟಿಗೆ ಕೊಡಬೇಕು. ಅಷ್ಟು ಮಾಡಿ ಪುಟ ತಲುಪಿದರೂ, ಓಎನ್‌ಟಿಯ ಮುಖ್ಯ ಸೆಟ್ಟಿಂಗುಗಳನ್ನು ಓಎಂಸಿಐ ಎಂಬ ಪ್ರತ್ಯೇಕ ಮಾರ್ಗದಿಂದ ಕಂಪನಿಯ ಯಂತ್ರವೇ ಬರೆಯಬಲ್ಲದು. ಅಡ್ಮಿನ್ ಪಾಸ್‌ವರ್ಡ್ ಎಷ್ಟೋ ಕಡೆ ಆಪರೇಟರಿನ ಬಳಿಯೇ ಉಳಿಯುತ್ತದೆ, ಮನೆಯವರಿಗೆ ಸಿಗುವುದು ನೋಡಲಷ್ಟೇ ಬಿಡುವ ಲಾಗಿನ್. ಬೆಳಕಿನ ಅಳತೆ ಓದಲು ಅಷ್ಟು ಸಾಕು.