ಮುರಾನೊದ ಗಾಜು

ವೆನಿಸ್ ನಗರದ ಉತ್ತರಕ್ಕೆ, ಅದೇ ಹಿನ್ನೀರಿನಲ್ಲಿ, ಮುರಾನೊ ಎಂಬ ಪುಟ್ಟ ದ್ವೀಪಗಳ ಗುಂಪಿದೆ. ವೆನಿಸ್ಸಿನ ಗಾಜೆಂದು ಹೆಸರಾದದ್ದು ಏಳು ಶತಮಾನಗಳಿಂದ ಮುಖ್ಯವಾಗಿ ತಯಾರಾಗುತ್ತಿರುವುದು ಇಲ್ಲಿ. ಕಸುಬು ಇನ್ನೂ ಹಳೆಯದು. 982ರ ಒಂದು ದಾಖಲೆಯಲ್ಲೇ ಡೊಮೆನಿಕೊ ಎಂಬ ಸೀಸೆ ತಯಾರಕನ ಹೆಸರಿದೆ. 1291ರಲ್ಲಿ ವೆನಿಸ್ ಗಣರಾಜ್ಯದ ಮಹಾಸಭೆ ಬೆಂಕಿಯ ಭಯದಿಂದ ನಗರದೊಳಗಿನ ಕುಲುಮೆಗಳನ್ನು ತೆರವು ಮಾಡಿಸಿತು. ಕಸುಬುದಾರರು ಮುರಾನೊದಲ್ಲಿ ಒಂದೇ ಕಡೆ ನೆಲೆಸಿದ್ದರಿಂದ ಅವರ ಮೇಲೆ ಕಣ್ಣಿಡುವುದೂ ಸುಲಭವಾಯಿತು.

ಅಂದಿನ ಗಾಜಿಗೆ ಸಾಮಾನ್ಯವಾಗಿ ಹಸಿರೋ ಹಳದಿಯೋ ಛಾಯೆ ಇರುತ್ತಿತ್ತು. ಮರಳಿನಲ್ಲಿದ್ದ ಕಬ್ಬಿಣದ ಅಂಶವೇ ಅದಕ್ಕೆ ಕಾರಣ. 1450ರ ದಶಕದಲ್ಲಿ ಆ ಛಾಯೆಯನ್ನು ನೀಗಿಸಿದ ಕೀರ್ತಿ ಆಂಜೆಲೊ ಬರೊವಿಯೆರ್‌ಗೆ ಸಲ್ಲುತ್ತದೆ. ಮರಳಿನ ಬದಲು ಟಿಚಿನೊ ನದಿಯ ಬಿಳಿ ಬೆಣಚುಕಲ್ಲುಗಳನ್ನು ಕಾಯಿಸಿ, ನೀರಿಗೆ ಹಾಕಿ ಬಿರಿಯಿಸಿ, ನುಣ್ಣಗೆ ಪುಡಿ ಮಾಡುತ್ತಿದ್ದರು. ಸಿರಿಯಾದ ಕಡೆಯಿಂದ ಬರುತ್ತಿದ್ದ ಉಪ್ಪುನೆಲದ ಗಿಡಗಳ ಬೂದಿಯನ್ನು ಕುದಿಸಿ, ಸೋಸಿ, ನೀರು ಬತ್ತಿಸಿ, ಉಳಿದ ಉಪ್ಪನ್ನಷ್ಟೇ ಬಳಸುತ್ತಿದ್ದರು. ಕೊನೆಗೆ ತುಸು ಮ್ಯಾಂಗನೀಸ್ ಬೆರೆಸಿದರೆ ನೀರಿನಂಥ ತಿಳಿ ಗಾಜು ಸಿದ್ಧ. ಅದೇ ಕ್ರಿಸ್ತಾಲ್ಲೊ. ಈ ಶುದ್ಧಿಗೆ ಬೆಲೆಯೂ ತೆರಬೇಕಾಯಿತು. ಬೂದಿಯನ್ನು ಸೋಸುವಾಗ ಗಾಜಿಗೆ ಗಟ್ಟಿತನ ಕೊಡುವ ಸುಣ್ಣದ ಅಂಶವೂ ಹೋಗಿಬಿಡುತ್ತಿತ್ತು. ಹಾಗಾಗಿ ಹಳೆಯ ಪಾತ್ರೆಗಳಲ್ಲಿ ಕೆಲವು ತೇವದ ಗಾಳಿಗೆ ಬೆವರುತ್ತವೆ, ಮೈತುಂಬ ಸೂಕ್ಷ್ಮ ಬಿರುಕು ಬಿಡುತ್ತವೆ.

ಕ್ರಿಸ್ತಾಲ್ಲೊದಲ್ಲಿ ಸೀಸವಿಲ್ಲ. ಸೀಸ ಬೆರೆತ ಭಾರವಾದ ಗಾಜಿಗೆ ಇಂಗ್ಲೆಂಡಿನಲ್ಲಿ ಜಾರ್ಜ್ ರೇವನ್ಸ್‌ಕ್ರಾಫ್ಟ್ ಹಕ್ಕುಪತ್ರ ಪಡೆದದ್ದು 1674ರಲ್ಲಿ. ಅದು ಆಳವಾದ ಕೆತ್ತನೆಗೆ ಒಗ್ಗುತ್ತದೆ. ಮುರಾನೊದ ಸೋಡಾ ಗಾಜು ಹಗುರ. ಬಿಸಿಯಲ್ಲಿ ಹೆಚ್ಚು ಹೊತ್ತು ಮೆದುವಾಗಿರುತ್ತದೆ. ಎಳೆದರೆ ಎಳೆಯಾಗುತ್ತದೆ, ಊದಿದರೆ ತೆಳ್ಳಗಾಗುತ್ತದೆ. ಆದ್ದರಿಂದ ಇಲ್ಲಿನ ಚೆಲುವೆಲ್ಲ ಉಸಿರು ಮತ್ತು ಇಕ್ಕಳದ್ದು. ಮುಖ್ಯ ಕುಶಲಿ, ಅವನ ಸಹಾಯಕ, ಕಲಿಯುವ ಹುಡುಗ ಕುಲುಮೆಯೆದುರು ಒಟ್ಟಾಗಿ ದುಡಿಯುತ್ತಾರೆ. ಊದುಕೊಳವೆಯನ್ನು ಸದಾ ತಿರುಗಿಸುತ್ತಿರಬೇಕು, ಇಲ್ಲವಾದರೆ ಗಾಜು ಒಂದು ಕಡೆಗೆ ಜೋಲುತ್ತದೆ. ಹಾಲಿನ ಬಣ್ಣದ ಗಾಜೆಳೆಗಳನ್ನು ತಿಳಿಗಾಜಿನೊಳಗೆ ಹಗ್ಗದಂತೆ ಹುರಿಗೊಳಿಸುವ ಫಿಲಿಗ್ರಾನಾ ಕೆಲಸ ಈ ಕೈಚಳಕದ ಶಿಖರ. ಹುರಿಯೆಳೆಯ ಈ ವಿಧಾನಕ್ಕೆ ಸೆರೇನಾ ಸಹೋದರರು 1527ರಲ್ಲಿ ವಿಶೇಷ ಹಕ್ಕು ಕೇಳಿ ಪಡೆದರು.

ಗಣರಾಜ್ಯ ಈ ವಿದ್ಯೆಯನ್ನು ಗುಟ್ಟಾಗಿಡಲು ಬಹಳ ಹೆಣಗಿತು. ಅನುಮತಿಯಿಲ್ಲದೆ ಹೊರನಾಡಿನಲ್ಲಿ ಕುಲುಮೆ ಹೂಡಿದವರಿಗೆ ಶಿಕ್ಷೆಯಿತ್ತು, ಉಳಿದವರಿಗೆ ಗೌರವವಿತ್ತು. 17ನೆಯ ಶತಮಾನದ ಆರಂಭದಲ್ಲಿ ಮುರಾನೊದ ಮನೆತನಗಳಿಗೆ ಹೆಸರು ದಾಖಲಿಸುವ ತಮ್ಮದೇ ‘ಸುವರ್ಣ ಪುಸ್ತಕ’ ದೊರೆಯಿತು. ಗಾಜಿನವರ ಮಗಳನ್ನು ಮದುವೆಯಾದ ಶ್ರೀಮಂತನ ಮಕ್ಕಳು ಕುಲೀನ ಪದವಿ ಕಳೆದುಕೊಳ್ಳುತ್ತಿರಲಿಲ್ಲ. ಆದರೂ ಕಸುಬುದಾರರು ಹೊರಟರು. ಜಾಕೊಪೊ ವೆರ್ಜೆಲಿನಿಗೆ 1575ರಲ್ಲಿ ರಾಣಿ ಮೊದಲನೆಯ ಎಲಿಜಬೆತ್ ಲಂಡನ್ನಿನಲ್ಲಿ ಗಾಜು ತಯಾರಿಸುವ ಹಕ್ಕು ಕೊಟ್ಟಳು. 1612ರಲ್ಲಿ ಆಂಟೋನಿಯೊ ನೇರಿಯ ‘ಲಾರ್ತೆ ವೆತ್ರಾರಿಯಾ’ ಎಂಬ ಗಾಜುಗಾರಿಕೆಯ ಪುಸ್ತಕ ಫ್ಲಾರೆನ್ಸಿನಲ್ಲಿ ಅಚ್ಚಾಗಿ, ಪಾಕವಿಧಾನಗಳು ಓದು ಬಲ್ಲವರ ಕೈಗೆ ಸಿಕ್ಕವು. 1665ರ ಹೊತ್ತಿಗೆ ಫ್ರಾನ್ಸಿನ ಮಂತ್ರಿ ಕೋಲ್ಬೇರ್ ಕನ್ನಡಿ ಕೆಲಸಗಾರರನ್ನು ಸೆಳೆದುಕೊಂಡ.

ಬೊಹೀಮಿಯಾದ ಕೆತ್ತನೆ ಗಾಜಿನ ಪೈಪೋಟಿ 18ನೆಯ ಶತಮಾನದಲ್ಲಿ ಮುರಾನೊವನ್ನು ಸೊರಗಿಸಿತು. 1797ರಲ್ಲಿ ಗಣರಾಜ್ಯವೇ ಬಿತ್ತು, ಕೆಲವೇ ವರ್ಷಗಳಲ್ಲಿ ಕಸುಬಿನ ಸಂಘವೂ ರದ್ದಾಯಿತು. ಮತ್ತೆ ಉಸಿರು ಬಂದದ್ದು ಹಳೆಯ ಪಾತ್ರೆಗಳಿಂದಲೇ: ಪಾದ್ರಿ ವಿನ್ಚೆನ್ಜೊ ಜಾನೆತ್ತಿ 1861ರಲ್ಲಿ ವಸ್ತುಸಂಗ್ರಹಾಲಯವನ್ನೂ ಅದರ ಬೆನ್ನಿಗೇ ಶಾಲೆಯನ್ನೂ ಕಟ್ಟಿದರು. ಅಲ್ಲಿನ ಮಾದರಿಗಳನ್ನು ನೋಡಿ ಯುವಕರು ಮರೆತ ವಿಧಾನಗಳನ್ನು ಕಲಿತರು. ಆ ಯುವಕರ ಕೆಲಸವನ್ನು ಆಂಟೋನಿಯೊ ಸಾಲ್ವಿಯಾತಿ ಲಂಡನ್ ಪ್ಯಾರಿಸ್‌ಗಳಿಗೆ ಒಯ್ದರು. 1921ರಲ್ಲಿ ಪಾವೊಲೊ ವೆನಿನಿ ಕಾರ್ಖಾನೆ ತೆರೆದರು. ಅಲ್ಲಿಗೆ ಬಂದ ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ ರೂಪಿಸಿದ ಹೂದಾನಿಗಳು ಇಂದು ಸಂಗ್ರಾಹಕರು ಮೊದಲು ಹುಡುಕುವ ವಸ್ತುಗಳಲ್ಲಿ ಸೇರಿವೆ.

ಹಳೆಯ ತುಣುಕುಗಳಲ್ಲಿ ಸಹಿ ಅಪರೂಪ, 19ನೆಯ ಶತಮಾನದ ಪ್ರತಿಕೃತಿಗಳು ನುರಿತ ಕಣ್ಣನ್ನೂ ತಪ್ಪಿಸಬಲ್ಲವು. ಹೊಸದನ್ನು ಕೊಳ್ಳುವವರಿಗೆ ಒಂದು ಆಸರೆಯಿದೆ. ವೆನೆತೊ ಪ್ರಾಂತ್ಯ 1994ರ ಕಾನೂನಿನಿಂದ ‘ವೆತ್ರೊ ಆರ್ತಿಸ್ತಿಕೊ ಮುರಾನೊ’ ಗುರುತನ್ನು ಜಾರಿಗೆ ತಂದಿದೆ. ದ್ವೀಪದಲ್ಲೇ ತಯಾರಾದ ಗಾಜಿಗೆ ಮಾತ್ರ ಅದನ್ನು ಹಚ್ಚಬಹುದು.