ಪತ್ರಕರ್ತರ ರಕ್ಷಣೆಯ ದಾಖಲೆಗಳು (ಅಮೆರಿಕ)

ಪತ್ರಕರ್ತರಿಂದ ಸಾಕ್ಷ್ಯ, ಟಿಪ್ಪಣಿ ಅಥವಾ ಸುದ್ದಿಮೂಲದ ವಿವರ ಪಡೆಯುವ ವಿಷಯದಲ್ಲಿ ಅಮೆರಿಕದ ನ್ಯಾಯ ಇಲಾಖೆ ತಾನೇ ವಿಧಿಸಿಕೊಂಡ ಮಿತಿಗಳ ರಚನೆ, ಪರಿಷ್ಕರಣೆ ಮತ್ತು ಬಳಕೆಯನ್ನು ತಿಳಿಸುವ ಸರ್ಕಾರಿ ಕಡತಗಳು. ಇವನ್ನು 1966ರ ಮಾಹಿತಿ ಸ್ವಾತಂತ್ರ್ಯ ಕಾಯಿದೆಯಡಿ ಕೋರಬಹುದು.

ಹಿನ್ನೆಲೆ: ಮೊದಲ ಮಾರ್ಗಸೂಚಿಯನ್ನು 1970ರಲ್ಲಿ ಅಟಾರ್ನಿ ಜನರಲ್ ಜಾನ್ ಮಿಚೆಲ್ ಪ್ರಕಟಿಸಿದರು. ಗ್ರ್ಯಾಂಡ್ ಜ್ಯೂರಿಯ (ಆರೋಪ ಹೊರಿಸಬೇಕೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿಯ) ಮುಂದೆ ಸಾಕ್ಷ್ಯ ನುಡಿಯುವುದರಿಂದ ವರದಿಗಾರರಿಗೆ ಪತ್ರಿಕಾ ಸ್ವಾತಂತ್ರ್ಯ ರಕ್ಷಿಸುವ ಸಂವಿಧಾನದ ಒಂದನೆಯ ತಿದ್ದುಪಡಿ ವಿನಾಯಿತಿ ನೀಡುವುದಿಲ್ಲವೆಂದು ಸುಪ್ರೀಂ ಕೋರ್ಟ್ 1972ರಲ್ಲಿ ಬ್ರಾನ್ಸ್‌ಬರ್ಗ್ ಪ್ರಕರಣದಲ್ಲಿ 5–4 ಬಹುಮತದ ತೀರ್ಪಿತ್ತಿತು. 1973ರಲ್ಲಿ ಮಾರ್ಗಸೂಚಿ ಫೆಡರಲ್ ನಿಯಮಾವಳಿಗೆ ಸೇರಿತು. ಅಸೋಸಿಯೇಟೆಡ್ ಪ್ರೆಸ್‌ನ ದೂರವಾಣಿ ದಾಖಲೆಗಳನ್ನು ಇಲಾಖೆ ಪಡೆದದ್ದು 2013ರಲ್ಲಿ ಬಯಲಾದ ಬಳಿಕ ಮಾರ್ಗಸೂಚಿ ಪರಿಷ್ಕೃತವಾಯಿತು. 2022ರಲ್ಲಿ ರಕ್ಷಣೆಯನ್ನು ವಿಸ್ತರಿಸಲಾಯಿತು. 2025ರಲ್ಲಿ ಆ ವಿಸ್ತರಣೆಯನ್ನು ಹಿಂತೆಗೆದುಕೊಳ್ಳಲಾಯಿತು.

ವಿಧಾನ: ಕೋರಿಕೆಗೆ ಸಾಮಾನ್ಯವಾಗಿ 20 ಕೆಲಸದ ದಿನಗಳೊಳಗೆ ಉತ್ತರಿಸಬೇಕು. ರಾಷ್ಟ್ರೀಯ ಭದ್ರತೆ, ಇಲಾಖೆಯ ಆಂತರಿಕ ಸಮಾಲೋಚನೆ ಸೇರಿ 9 ವಿನಾಯಿತಿಗಳಿವೆ. 2016ರ ತಿದ್ದುಪಡಿಯಂತೆ 25 ವರ್ಷ ಕಳೆದ ಕಡತಗಳಿಗೆ ಸಮಾಲೋಚನೆಯ ವಿನಾಯಿತಿ ಅನ್ವಯಿಸದು. ನಿರಾಕರಣೆಯ ವಿರುದ್ಧ ಇಲಾಖೆಗೆ ಮೇಲ್ಮನವಿ, ಆನಂತರ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು.

ಮಹತ್ವ: ಸುದ್ದಿಮೂಲಗಳನ್ನು ಕಾಯುವ ಫೆಡರಲ್ ಕಾಯಿದೆ ಇಲ್ಲದ ಕಾರಣ ರಕ್ಷಣೆ ಬಹುಮಟ್ಟಿಗೆ ಇಲಾಖೆಯ ನಿಯಮಗಳನ್ನೇ ಅವಲಂಬಿಸಿದೆ. ಪತ್ರಕರ್ತರ ಮೇಲಿನ ಗುಪ್ತ ನಿಗಾಕ್ಕೆ ಸಂಬಂಧಿಸಿದ ಆಂತರಿಕ ನಿಯಮಗಳು 2018ರಲ್ಲಿ ಹೊರಬಂದದ್ದು ಮಾಹಿತಿ ಸ್ವಾತಂತ್ರ್ಯ ಕಾಯಿದೆಯಡಿ ಹೂಡಿದ ದಾವೆಯಿಂದ.